‘ಬೆಳ್ಳಿಮೋಡ’ದ ಇಂದಿರೆ

ಮಲೆನಾಡಿನ ಕಾಫಿತೋಟದ ಕಥೆಯು ತಿರ್ಲಾಪುರದಂಥ ಎರೆಭೂಮಿಯ ಊರಿನವರಿಗೆ ದೂರದ್ದೆಂದು ತೋರಬಹುದು. ನವಲಗುಂದ ತಾಲ್ಲೂಕಿನ ಈ ಸೀಮೆಯಲ್ಲಿ ಕಣ್ಣು ಹಾಯುವಷ್ಟೂ ಬಯಲು. ಹತ್ತಿ, ಜೋಳ, ಕಡಲೆಗಳ ಲೆಕ್ಕದಲ್ಲಿ ಬಾಳು ಸಾಗುತ್ತದೆ. ಆದರೂ ಪುಟ್ಟಣ್ಣ ಕಣಗಾಲರು 1967ರಲ್ಲಿ ತೆರೆಗೆ ತಂದ ‘ಬೆಳ್ಳಿಮೋಡ’ವನ್ನು ನೋಡಲು ಇಲ್ಲಿಯ ರಸಿಕನಿಗೆ ಟಿಪ್ಪಣಿ ಬೇಕಾಗದು. ತೋಟವೆಂದಿರುವಲ್ಲಿ ಹೊಲವೆಂದು ತಿಳಿದುಕೊಂಡರೆ ಸಾಕು.

ಕಥೆ ಸರಳವಾದುದು. ಸಿರಿವಂತ ಸದಾಶಿವರಾಯರಿಗೆ ಇಂದಿರೆ ಒಬ್ಬಳೇ ಮಗಳು. ಬಡವನೂ ಬುದ್ಧಿವಂತನೂ ಆದ ಮೋಹನನು ಅವರ ಹಣದಿಂದ ವಿದೇಶಕ್ಕೆ ಓದಲು ಹೋಗುತ್ತಾನೆ. ಹಿಂದಿರುಗಿದ ಮೇಲೆ ಮದುವೆಯೆಂದು ನಿಶ್ಚಯವಾಗಿದೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡು ಮಗು ಹುಟ್ಟುತ್ತದೆ. ತಾಯಿ ತೀರಿಕೊಳ್ಳುತ್ತಾಳೆ. ತಮ್ಮನನ್ನು ಸಾಕುವ ಭಾರ ಇಂದಿರೆಯದಾಗುತ್ತದೆ. ಮರಳಿ ಬಂದ ಮೋಹನನಿಗೆ ಆಸ್ತಿಯಿಲ್ಲದ ಇಂದಿರೆ ಬೇಡವಾಗುತ್ತಾಳೆ. ಹುಡುಗಿ ಅವಳೇ, ಮನೆ ಅದೇ; ಬದಲಾದುದು ತೊಟ್ಟಿಲೊಂದೇ.

ಇಲ್ಲೊಂದು ಮಾತು ನೆನೆಯತಕ್ಕದ್ದು. ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಆಗಲೇ ಹೇಳಿತ್ತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ದೊರೆಯಿತು. ಕಾಯಿದೆ ಪುಸ್ತಕದಲ್ಲಿತ್ತು, ವರನ ಕಡೆಯವರ ಲೆಕ್ಕದೊಳಗೆ ಇನ್ನೂ ಬಂದಿರಲಿಲ್ಲ.

ಮೋಹನನನ್ನು ಖಳನನ್ನಾಗಿ ಮಾಡುವುದು ಅತಿ ಸುಲಭವಾಗಿತ್ತು. ಮೂಲ ಕಾದಂಬರಿಯ ಕರ್ತೃ ತ್ರಿವೇಣಿಯವರು (ಅನಸೂಯಾ ಶಂಕರ್, 1928-1963) ಆ ದಾರಿ ಹಿಡಿಯಲಿಲ್ಲ. ಮನಶ್ಶಾಸ್ತ್ರವನ್ನು ಅಭ್ಯಸಿಸಿದ್ದ ಅವರಿಗೆ ಆಸೆಯೂ ಬಡತನದ ಒಂದು ಗಾಯವೇ ಎಂಬುದು ಗೊತ್ತಿತ್ತು. ಕಲ್ಯಾಣ್‌ಕುಮಾರರ ಅಭಿನಯದಲ್ಲಿ ಮೋಹನನು ನಮ್ಮ ನೆರೆಮನೆಯ ಜಾಣ ಹುಡುಗನಂತೆಯೇ ಕಾಣುತ್ತಾನೆ; ಅದರಿಂದಲೇ ಅವನ ನಡತೆ ನಮ್ಮನ್ನು ಹೆಚ್ಚು ಚುಚ್ಚುತ್ತದೆ. ಮುಂದೆ ಅವನು ಪೆಟ್ಟುಬಿದ್ದು ಮಲಗಿದಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಈಗ ಅವನಿಗೆ ನಿಜವಾದ ಪ್ರೇಮ ಹುಟ್ಟುತ್ತದೆ, ಬೇಡುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ಆ ನಿರಾಕರಣೆಯಲ್ಲಿ ಸೇಡಿಲ್ಲ, ಅಬ್ಬರವಿಲ್ಲ. ಕಲ್ಪನಾ ಅವರು ಮುಂದೆ ಎಷ್ಟೋ ಪಾತ್ರಗಳಲ್ಲಿ ಭಾವವನ್ನು ಉಕ್ಕಿಸಿದರು. ಇಲ್ಲಿಯ ಸಂಯಮವೇ ನನಗೆ ಅವೆಲ್ಲಕ್ಕಿಂತ ಮಿಗಿಲಾಗಿ ತೋರುತ್ತದೆ.

ಚಿತ್ರದ ಹಾಸ್ಯಭಾಗಗಳು ಕಥೆಯ ಬಿಗುವನ್ನು ಸಡಿಲಿಸುವುದುಂಟು. ಅದನ್ನು ಸೈರಿಸಬಹುದು. ಧಾರವಾಡದ ಕಡೆಯವರಿಗಂತೂ ಸೈರಿಸಲು ಇನ್ನೊಂದು ಕಾರಣವಿದೆ: ಬೇಂದ್ರೆಯವರ ‘ಬೆಳಗು’ ಕವಿತೆ ಇಲ್ಲಿ ವಿಜಯಭಾಸ್ಕರರ ಸಂಗೀತದಲ್ಲಿ, ಎಸ್. ಜಾನಕಿಯವರ ಕಂಠದಲ್ಲಿ ಹಾಡಾಗಿದೆ. ಸಾಧನಕೇರಿಯ ಕವಿಯ ಮುಂಜಾವು ಮಲೆನಾಡಿನ ಬೆಟ್ಟಗಳ ಮೇಲೆ ಮೂಡಿದರೂ ಪರಕೀಯವೆನಿಸುವುದಿಲ್ಲ.

ಮಲಯಾಳದಲ್ಲಿ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು 1966ರಲ್ಲಿ ಚಿತ್ರವಾಗಿಸಿದ್ದ ಪುಟ್ಟಣ್ಣನವರಿಗೆ ಕನ್ನಡದಲ್ಲಿ ಇದೇ ಮೊದಲ ನಿರ್ದೇಶನ. ಅದನ್ನು ನೋಡಲು ಲೇಖಕಿ ಬದುಕಿರಲಿಲ್ಲ.

ತರಗತಿಯಲ್ಲಿ ಈ ಕಥೆಯ ಪ್ರಸ್ತಾಪ ಬಂದಾಗಲೆಲ್ಲ ವಿದ್ಯಾರ್ಥಿಗಳು ಎರಡು ಪಕ್ಷವಾಗುತ್ತಾರೆ. ಪಶ್ಚಾತ್ತಾಪಪಟ್ಟವನನ್ನು ಇಂದಿರೆ ಒಪ್ಪಬೇಕಿತ್ತೆಂಬವರು ಹೆಚ್ಚಾಗಿ ಗಂಡುಹುಡುಗರು. ಹುಡುಗಿಯರು ವಾದಕ್ಕಿಳಿಯುವುದು ಕಡಿಮೆ. ಆ ತಮ್ಮ ಹುಟ್ಟದಿದ್ದರೆ ಮೋಹನನ ಮನಸ್ಸು ತಿಳಿಯುತ್ತಿತ್ತೆ, ಎಂದಷ್ಟೇ ಕೇಳುತ್ತಾರೆ.