ಮೊಬೈಲ್ ಆಟ ಆಡಿದ ಹುಡುಗ ಕೆಟ್ಟನೇ?

ಆಟ ಬೇರೆ, ಜೂಜು ಬೇರೆ: ಹಿರಿಯರಿಗೆ ಒಂದು ಮಾತು

ಸಂಪಿಗೆ: ಬೆಳಿಗ್ಗೆ ಅಪ್ಪನ ಕೈಯಲ್ಲಿ ಮೊಬೈಲು ತಿಪಟೂರು ಮಾರ್ಕೆಟ್ಟಿನ ಕೊಬ್ಬರಿ ರೇಟು ಹೇಳುತ್ತದೆ. ಸಂಜೆ ಅದೇ ಮೊಬೈಲು ಮಗನ ಕೈಗೆ ಬಂದರೆ ಢಂ ಢಂ ಬಂದೂಕಿನ ಸದ್ದು. ತಕ್ಷಣ ಕೊಬ್ಬರಿ ಅಟ್ಟದ ಮೇಲಿಂದ ಬೈಗುಳ: 'ಹಾಳಾಗೋದ ಕಣೆ ನಿನ್ ಮಗ!'

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈ ಬೈಗುಳ ಹೊಸದೇನಲ್ಲ. ಆದರೆ ಹುಡುಗ ನಿಜಕ್ಕೂ ಹಾಳಾದನೇ? ವಿಚಾರಿಸಿ ನೋಡಿದರೆ ಸಂಗತಿ ಬೇರೆಯೇ ಇದೆ.

ಕಣ್ಣಿಗೂ ಕೈಗೂ ಕಸರತ್ತು

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 2003ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ವಿಡಿಯೋ ಆಟದ ಗೊಡವೆಯೇ ಇಲ್ಲದವರಿಗೆ ದಿನಕ್ಕೆ 1 ಗಂಟೆಯಂತೆ 10 ದಿನ ಬಂದೂಕಿನ ಆಟ ಆಡಿಸಿದರು. ಒಂದೇ ನೋಟಕ್ಕೆ ನಾಲ್ಕಾರು ವಸ್ತು ಗಮನಿಸುವ ಶಕ್ತಿ ಅವರಲ್ಲಿ ಹೆಚ್ಚಿತ್ತು. 2007ರಲ್ಲಿ ನ್ಯೂಯಾರ್ಕಿನ 33 ಸರ್ಜನ್ನರ ಪರೀಕ್ಷೆಯ ಫಲಿತಾಂಶ ಬಂತು. ಸಣ್ಣ ತೂತಿನಲ್ಲಿ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್ನಿನ ಅಭ್ಯಾಸ ಅದು. ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ವಿಡಿಯೋ ಆಟ ಆಡಿದ್ದ ಡಾಕ್ಟರುಗಳು ಶೇ. 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಆಟದಿಂದ ಕೈ ಪಳಗಿತೋ, ಕೈ ಚುರುಕಿದ್ದವರೇ ಆಟಕ್ಕೆ ಹೋದರೋ, ಅದು ಬೇರೆ ವಾದ. ಆಡಿದವರ ಕೈ ಕೆಟ್ಟಿಲ್ಲ ಎಂಬುದಂತೂ ಖಾತ್ರಿ.

ಊರು ಬಿಟ್ಟವರ ಜಗಲಿ

ಇನ್ನೊಂದು ಲಾಭ ನಮ್ಮ ಹಳ್ಳಿಗಳಿಗೇ ಸೇರಿದ್ದು. ಓದು ಮುಗಿಸಿದ ಹುಡುಗರು ಬೆಂಗಳೂರಿನ ಪೀಣ್ಯದ ಕಾರ್ಖಾನೆ ಸೇರುತ್ತಾರೆ. ಹಬ್ಬಕ್ಕೆ ಬಂದರೆ ಬಂದರು. ಅಂಥವನು ರಾತ್ರಿ ಶಿಫ್ಟು ಮುಗಿಸಿ ಊರಿನ ಮೂವರ ಜೊತೆ ನಾಲ್ವರ ತಂಡ ಕಟ್ಟಿ ಆಡುತ್ತಾನೆ. 'ಎಡಕ್ಕೆ ಅವ್ನೆ ಕಣ್ಲಾ' ಎನ್ನುವ ಮಧ್ಯೆಯೇ ಬೋರಲ್ಲಿ ನೀರು ಬಂತಾ, ಅವ್ವನಿಗೆ ಜ್ವರ ಬಿಡ್ತಾ ಎಂಬ ವಿಚಾರಣೆಯೂ ಆಗುತ್ತದೆ. ಹಳೇ ಗುಡಿಗಳ ಜಗಲಿ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ ಅಲ್ಲವೇ? ಆಟ ನೆಪ, ಮಾತು ಮುಖ್ಯ.

ಕಾಸು ಕಟ್ಟಿದರೆ ಕೆಟ್ಟಿತು

ಹಾಗಂತ ಎಲ್ಲಕ್ಕೂ ಸೈ ಎನ್ನುವಂತಿಲ್ಲ. ರಮ್ಮಿ ಮುಂತಾಗಿ ದುಡ್ಡು ಕಟ್ಟಿಸಿಕೊಳ್ಳುವ ಆಪ್‌ಗಳೂ 'ಗೇಮ್' ಎಂಬ ಹೆಸರಿನಲ್ಲೇ ಮನೆ ಹೊಕ್ಕವು. 11 ತಿಂಗಳು ಅಟ್ಟದಲ್ಲಿ ಒಣಗಿದ ಕೊಬ್ಬರಿಯ ದುಡ್ಡು ಕರಗಲು 11 ನಿಮಿಷ ಸಾಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಈ ಎರಡನ್ನೂ ಬೇರೆ ಮಾಡಿದೆ. ದುಡ್ಡಿನಾಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಪೈಪೋಟಿಯ ಇ-ಕ್ರೀಡೆಗೆ ಮಾತ್ರ ಉತ್ತೇಜನ. ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಇ-ಕ್ರೀಡೆಗೂ ಪದಕ ಕೊಟ್ಟಿದ್ದಾರೆ.

ಚಟವೂ ಉಂಟು. ಊಟ, ನಿದ್ದೆ, ಸ್ಕೂಲು ಬಿಟ್ಟು ವರ್ಷಗಟ್ಟಲೆ ಆಟಕ್ಕೇ ಅಂಟಿಕೊಂಡರೆ ಅದು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಒಂದು ಕ್ಲಿನಿಕ್ ಇದೆ. ಅಂಥ ಹುಡುಗನಿಗೆ ಏಟು ಔಷಧಿಯಲ್ಲ, ಡಾಕ್ಟರ ಬಳಿ ಕರೆದೊಯ್ಯಬೇಕು.

ಪಂಚಾಯ್ತಿಯವರೇ, ಕೇಳಿ

ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರು. ಅನೇಕ ಕಡೆ ಕಂಪ್ಯೂಟರೂ ಬಂದಿದೆ. ಅಲ್ಲಿ ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ, ಮಕ್ಕಳಿಗೆ ಒಳ್ಳೆ ಆಟ ಆಡಲು ಬಿಟ್ಟರೆ ಗಂಟೇನು ಹೋದೀತು? ಗಂಡುಮಕ್ಕಳಿಗೆ ಬೈದಾದರೂ ಫೋನ್ ಕೊಡುತ್ತೇವೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಮೊದಲ ಪಾಳಿ ಅವರಿಗೇ ಇರಲಿ.

ಇನ್ನು ಅಪ್ಪಂದಿರು. ಮಗನ ಕೈಯಿಂದ ಫೋನ್ ಕಿತ್ತುಕೊಳ್ಳುವ ಮುಂಚೆ ಪಕ್ಕದಲ್ಲಿ ಒಂದು ಗಳಿಗೆ ಕೂತು, 'ಏನಾಟವೋ ಇದು, ಇದಕ್ಕೆ ಕಾಸು ಕಟ್ಬೇಕಾ?' ಅಂತ ಕೇಳಿ. ಕಟ್ಟಬೇಕು ಎಂದರೆ ಕಿತ್ತುಕೊಳ್ಳಿ. ಇಲ್ಲ ಎಂದರೆ ಒಂದು ಆಟ ನೀವೂ ಆಡಿ.