ಯವನನ ಪಟ್ಟಿಯಲ್ಲಿ ಇಂಡಿ, ಕಲಕೇರಿ

ಮುಂಬಯಿ ಸರಕಾರವು 1884ರಲ್ಲಿ ಹೊರತಂದ ವಿಜಾಪುರ ಜಿಲ್ಲೆಯ ಗ್ಯಾಝೆಟಿಯರಿನಲ್ಲಿ ಬೆಳೆ, ಬರಗಾಲ, ಕಂದಾಯಗಳ ನೀರಸವಾದ ಲೆಕ್ಕಗಳನ್ನೆಲ್ಲ ದಾಟಿ ಇತಿಹಾಸದ ಅಧ್ಯಾಯವನ್ನು ತಲುಪಿದ ವಾಚಕನಿಗೆ ಒಂದು ವಿಷಯ ಥಟ್ಟನೆ ಎದುರಾಗುತ್ತದೆ: ಕ್ರಿ.ಶ. 150ರ ಸುಮಾರಿಗೆ ಭೂಗೋಳವನ್ನು ರಚಿಸಿದ ಟಾಲೆಮಿಯ ಗಮನಕ್ಕೆ ಪಾತ್ರವಾಗುವಷ್ಟು ಪ್ರಸಿದ್ಧಿಯುಳ್ಳ ಮೂರು ಊರುಗಳಾದರೂ ಈ ಸೀಮೆಯಲ್ಲಿದ್ದುವು; ಅವು ಬಾದಾಮಿ, ಇಂಡಿ ಮತ್ತು ಕಲಕೇರಿ. ಬಾದಾಮಿಯ ಮಾತು ಸರಿ. ಆದರೆ ಲಿಂಬೆಯ ತೋಟಗಳಿಗೆ ಹೆಸರಾದ ನಮ್ಮ ಇಂಡಿಗೂ, ಅಂದು ಸಿಂದಗಿ ತಾಲೂಕಿನಲ್ಲಿದ್ದ ಕಲಕೇರಿಗೂ ಒಬ್ಬ ಯವನ ಪಂಡಿತನಿಗೂ ಎಲ್ಲಿಯ ಸಂಬಂಧ?

ಟಾಲೆಮಿ ಭರತಖಂಡವನ್ನು ಕಂಡವನಲ್ಲ. ಆತನಿದ್ದುದು ಈಜಿಪ್ತದ ಅಲೆಕ್ಸಾಂಡ್ರಿಯದಲ್ಲಿ. ಯವನರ ಮೂಲಭೂಮಿಯಾದರೋ ಬೆಟ್ಟಗಳ ನಡುವೆ ಸಿಕ್ಕಿದಷ್ಟು ಬಯಲಿನಲ್ಲಿ ದ್ರಾಕ್ಷಿಯನ್ನೂ ಆಲಿವನ್ನೂ ಬೆಳೆದುಕೊಂಡು, ಸಮುದ್ರವನ್ನೇ ಹೆದ್ದಾರಿಯಾಗಿ ಮಾಡಿಕೊಂಡ ನಾಡು. ಆದುದರಿಂದಲೇ ಅವರ ಭಾಷೆಯೂ ವಿದ್ಯೆಯೂ ನಾವೆ ಸಾಗಿದಲ್ಲೆಲ್ಲ ನೆಲೆಯೂರಿದುವು, ಹುಟ್ಟಿದ ನೆಲದಿಂದ ದೂರವಿದ್ದರೂ ಅಲೆಕ್ಸಾಂಡ್ರಿಯವು ಆ ಸಂಸ್ಕೃತಿಯ ಹೃದಯವಾಯಿತು. ಅಲ್ಲಿ ಕುಳಿತ ಟಾಲೆಮಿಯು ಟೈರ್ ನಗರದ ಮರಿನಸ್ಸನ ಗ್ರಂಥವನ್ನೂ, ವಣಿಕರ, ನಾವಿಕರ ಮಾತನ್ನೂ ಸೋಸಿ, ತಾನು ಕಾಣದ ಒಂದೊಂದು ಊರಿಗೂ ಅಕ್ಷಾಂಶ ರೇಖಾಂಶಗಳನ್ನು ನಿಗದಿಪಡಿಸಿದನು. ಕಂಡುದನ್ನು ಕಥೆಯಾಗಿ ಹೇಳುವವರು ಎಲ್ಲ ಜನಾಂಗಗಳಲ್ಲಿಯೂ ಉಂಟು. ಕಾಣದುದನ್ನು ಗಣಿತಕ್ಕೆ ಒಳಪಡಿಸುವ ಈ ಹಠವು ಯವನರ ವಿಶಿಷ್ಟ ಲಕ್ಷಣ.

ಆತನ ಏಳನೆಯ ಪುಸ್ತಕದ ಒಂದು ಪಟ್ಟಿಯಲ್ಲಿ ಇಂಡೆ, ಹಿಪ್ಪೊಕೂರ, ಕಲ್ಲಿಗೆರಿಸ್, ಮೊದೊಗುಲ್ಲ, ಪೆಟಿರ್ಗಲ, ಬನವಾಸಿ ಎಂಬ ಹೆಸರುಗಳು, ನಡುವೆ ಗುರುತು ಹತ್ತದ ಕೆಲವನ್ನು ಬಿಟ್ಟರೆ, ಇದೇ ಕ್ರಮದಲ್ಲಿ ಬರುತ್ತವೆ. ಇಂಡಿಯಿಂದ ಹೊರಟು, ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ, ಕಲಕೇರಿಗಳನ್ನು ಹಾಯ್ದು, ಮುದ್ದೇಬಿಹಾಳದ ಸೀಮೆಯಾಚೆ ಕೃಷ್ಣೆಯನ್ನು ದಾಟಿ, ಮುದಗಲ್ಲು, ಪಟ್ಟದಕಲ್ಲುಗಳ ಮೂಲಕ ಬನವಾಸಿಗೆ ಇಳಿಯುವವನ ದಾರಿಯೂ ಹೆಚ್ಚುಕಡಿಮೆ ಇದೇ ಅಲ್ಲವೆ?

ವಿವಾದವೆದ್ದುದು ಇಲ್ಲಿಯೇ. ಟಾಲೆಮಿಯ ಇಂಡೆ 20 ಅಂಶಕ್ಕೂ ಉತ್ತರದಲ್ಲಿದೆ. ನಮ್ಮ ಇಂಡಿ 17 ಅಂಶದ ಸಮೀಪದಲ್ಲಿದೆ. ಆದಕಾರಣ ಇದು ಅದಲ್ಲವೆಂಬುದು ಒಂದು ಪಕ್ಷ. ಬಲೆಯೊಕೂರನೆಂಬ ಅರಸನ ರಾಜಧಾನಿಯೆಂದು ಆತನು ಹೇಳುವ ಹಿಪ್ಪೊಕೂರವನ್ನು ಕೆಲವರು ಹೂವಿನ ಹಿಪ್ಪರಗಿಯೆಂದರೆ, ಪಂಡಿತ ಭಗವಾನಲಾಲ ಇಂದ್ರಜಿಯವರು ಅದೇ ಹೆಸರನ್ನು ಠಾಣೆಯ ಕೊಲ್ಲಿಯ ಘೋಡಬಂದರಕ್ಕೆ ಒಯ್ದರು. ಆದರೆ ಬರಿಯ ಅಂಶಗಳನ್ನೇ ನೆಚ್ಚಿ ತೀರ್ಪು ಕೊಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹಿಂದಿನ ಯವನ ಪಂಡಿತ ಎರಟೊಸ್ತನೀಸನು 2,52,000 ಸ್ಟೇಡಿಯವೆಂದು ಅಳೆದಿದ್ದ ಭೂಪರಿಧಿಯನ್ನು ಟಾಲೆಮಿಯು 1,80,000ಕ್ಕೆ ಇಳಿಸಿದನು. ಆತನ ನಕ್ಷೆಯಲ್ಲಿ ದಕ್ಷಿಣಾಪಥವು ಚಪ್ಪಟೆಯಾಗಿ, ಸಿಂಹಳವು ಉಬ್ಬಿ ಮಹಾದ್ವೀಪದಂತೆ ಕುಳಿತಿದೆ. ಯಾರೂ ಶಂಕಿಸದ ಬನವಾಸಿಯೇ ಅಲ್ಲಿ ಎರಡು ಅಂಶ ಉತ್ತರಕ್ಕೆ ಸರಿದಿದೆ. ಬನವಾಸಿಗೆ ದೊರೆತ ಕ್ಷಮೆ ಇಂಡಿಗೇಕೆ ದೊರೆಯಬಾರದು? ನನಗಂತೂ ಅಂಶಗಳಿಗಿಂತ ಊರುಗಳ ಕ್ರಮವೇ ಹೆಚ್ಚು ನಂಬಿಕೆಗೆ ಅರ್ಹವೆಂದು ತೋರುತ್ತದೆ. ದಾರಿ ನಡೆದ ವರ್ತಕನು ಮೊದಲು ಯಾವುದು, ಆಮೇಲೆ ಯಾವುದು ಎಂಬುದನ್ನು ತಪ್ಪಲಾರನು.

ಅದು ಶಾತವಾಹನರ ಕಾಲ. ಟಾಲೆಮಿಯು ಪೈಠಣದ ಅರಸನೆಂದು ಹೆಸರಿಸಿದ ಪುಳುಮಾವಿಯ ಹೆಸರು, ಇಂಡಿ ಸಿಂದಗಿಗಳ ಅಂಚನ್ನು ತೊಳೆದು ಹರಿಯುವ ಭೀಮೆಯ ಕೆಳದಂಡೆಯಲ್ಲಿ, ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದ ಕಲ್ಲಿನಲ್ಲಿಯೂ ಇದೆ. ಕಾರ್ಲೆಯ ಗುಹಾಲಯದ ಕಂಬಗಳಲ್ಲಿ ಯವನ ದಾನಿಗಳ ಶಾಸನಗಳಿವೆ. ಅಂದರೆ ಈ ಎರೆಯ ನೆಲವು ಅಂದು ಲೋಕದ ದಾರಿಗೆ ಹೊರತಾಗಿರಲಿಲ್ಲ.

ಯವನರಿಗೂ ಕನ್ನಡಕ್ಕೂ ಇರುವ ನಂಟಿನ ಮಾತೆದ್ದರೆ ನಮ್ಮವರು ಈಜಿಪ್ತದ ಮರಳಿನಲ್ಲಿ ದೊರೆತು 1903ರಲ್ಲಿ ಅಚ್ಚಾದ ಯವನ ಪ್ರಹಸನದ ಹೆಸರೆತ್ತಿ, ಅದರಲ್ಲಿ ಕನ್ನಡವನ್ನು ಗುರುತಿಸಿದ ಶಾಮಶಾಸ್ತ್ರಿಗಳನ್ನು ಸ್ಮರಿಸಿ, ಅದರ ಕಥೆ ನಡೆಯುವ ಕರಾವಳಿಯನ್ನು ಕೊಂಡಾಡುವರು. ಇಲ್ಲವೆ ಸೋಫೊಕ್ಲೀಸನ ಏಜಾಕ್ಸನನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದ ಬಿ.ಎಂ.ಶ್ರೀ.ಯವರಲ್ಲಿಗೆ ಬರುವರು. ಎರಡೂ ಯುಕ್ತವೇ. ಆದರೆ ನಮ್ಮ ತಾಲೂಕುಗಳ ಪಾಲಿಗೆ ಬಂದ ಇಂಡೆ, ಹಿಪ್ಪೊಕೂರ, ಕಲ್ಲಿಗೆರಿಸ್ ಎಂಬ ಹೆಸರುಗಳು ಯಾರ ಬಾಯಲ್ಲಿಯೂ ಇಲ್ಲ; ಶಾಲೆಯ ಹುಡುಗರಿಗೆ ಅಲೆಕ್ಸಾಂಡರನು ಸಿಂಧೂ ನದಿಯ ಪ್ರದೇಶದಿಂದ ಹಿಂದಿರುಗಿದಲ್ಲಿಗೆ ಯವನರ ಕಥೆ ಮುಗಿಯಿತು. ಅತ್ತ ಹಳೆಯ ಊರುಗಳ ದಿಬ್ಬಗಳಿಂದ ಹಾಳುಮಣ್ಣನ್ನು ಹೊಲಗಳಿಗೆ ಹೇರುವಾಗ, ಗಡಿಗೆಯ ಚೂರುಗಳೂ ಮಣಿಗಳೂ ಗೊಬ್ಬರದೊಡನೆ ನೇಗಿಲಿಗೆ ಸಿಕ್ಕಿ ಪುಡಿಯಾಗುತ್ತವೆ. ಇಂಡೆ ಇಂಡಿಯೇ ಅಲ್ಲವೇ ಎಂಬುದನ್ನು ಪಂಡಿತರ ಅಂಶಗಣನೆಯು ತೀರ್ಮಾನಿಸಲಾರದು. ಆ ಚೂರುಗಳು ತೀರ್ಮಾನಿಸಬಲ್ಲವು. ಮಣ್ಣು ಪೂರ್ತಿ ಬಂಡಿಯೇರುವ ಮುನ್ನ ಯಾರಾದರೂ ಬಲ್ಲವರು ಬಂದು ನೋಡಬೇಕು.