ಹೀಟರ್‌ಗೆ ಬಿಸಿ ಬೇಕು, ಪ್ಯಾನೆಲ್‌ಗೆ ಬೆಳಕು

ಯಲಹಂಕದ ಯಾವುದಾದರೂ ಬಡಾವಣೆಯಲ್ಲಿ ತಾರಸಿ ಹತ್ತಿ ನೋಡಿ. ಒಂದು ಮನೆಯ ಮೇಲೆ ನೀರು ಕಾಯಿಸುವ ಸೋಲಾರ್ ಹೀಟರ್, ಇನ್ನೊಂದರ ಮೇಲೆ ಕರೆಂಟ್ ಕೊಡುವ ಸೋಲಾರ್ ಪ್ಯಾನೆಲ್. ಎರಡೂ ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತವೆ. ಹಾಗಾಗಿ ಎರಡರ ಹಸಿವೂ ಒಂದೇ ಎಂದುಕೊಳ್ಳುತ್ತೇವೆ. 'ಬಿಸಿಲು' ಎನ್ನುವ ಪದದಲ್ಲೇ 'ಬಿಸಿ' ಕೂತಿದೆಯಲ್ಲ! ಆದರೆ ಹೀಟರ್‌ಗೆ ಬೇಕಾದದ್ದು ಬಿಸಿ, ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಇದಕ್ಕೆ ಕಾರಣ ಪ್ಯಾನೆಲ್‌ನ ಸಿಲಿಕಾನ್ ಹರಳಿನೊಳಗಿದೆ.

ತಪ್ಪು ಕಲ್ಪನೆ 1: ಗಟ್ಟಿ ವಸ್ತುವಿನ ಪರಮಾಣುಗಳು ಅಲುಗಾಡುವುದಿಲ್ಲ.

ಸತ್ಯ: ಅವು ಸದಾ ಕಂಪಿಸುತ್ತಿರುತ್ತವೆ. ಸಿಲಿಕಾನ್ ಹರಳಿನ ಒಂದು ಮುಖ್ಯ ಕಂಪನ ಸೆಕೆಂಡಿಗೆ ಸುಮಾರು 15 ಲಕ್ಷ ಕೋಟಿ ಬಾರಿ ನಡೆಯುತ್ತದೆ. ಇದನ್ನು ಅಳೆಯುವ ವಿಧಾನವೊಂದು ಹುಟ್ಟಿದ್ದು 1928ರಲ್ಲಿ ಪತ್ತೆಯಾದ ರಾಮನ್ ಪರಿಣಾಮದಿಂದ. 1948ರಲ್ಲಿ ಮೇಖ್ರಿ ವೃತ್ತದ ಬಳಿ ತಮ್ಮ ಸಂಶೋಧನಾ ಸಂಸ್ಥೆ ತೆರೆದ ಸಿ.ವಿ. ರಾಮನ್, ವಜ್ರದ ಹರಳುಗಳಲ್ಲಿ ಬೆಳಕಿಗೂ ಕಂಪನಕ್ಕೂ ಇರುವ ನಂಟನ್ನು ವರ್ಷಗಟ್ಟಲೆ ಹುಡುಕಿದರು.

ತಪ್ಪು ಕಲ್ಪನೆ 2: ಬೆಳಕು ಬಿದ್ದರೆ ಸಾಕು, ಕರೆಂಟ್ ಆಗಿ ಹರಿಯಬೇಕಾದ ಎಲೆಕ್ಟ್ರಾನ್ ಮೇಲೇಳುತ್ತದೆ.

ಸತ್ಯ: ಯಶವಂತಪುರದ ಎಪಿಎಂಸಿ ಯಾರ್ಡ್‌ನ ಹಮಾಲಿಯನ್ನು ನೆನೆಯಿರಿ. ಮೂಟೆ ಹೊರುವ ಶಕ್ತಿ ಅವನಿಗಿದೆ. ಆದರೂ ಅದನ್ನು ಬೆನ್ನಿಗೇರಿಸಲು ಇನ್ನೊಬ್ಬ ಕೈ ಕೊಡಬೇಕು. ಬೆಳಕಿನ ಕಣ ಎಲೆಕ್ಟ್ರಾನ್‌ಗೆ ಶಕ್ತಿ ಕೊಡುತ್ತದೆ, ಆದರೆ ಬೇಕಾದಷ್ಟು ಸಂವೇಗ ಕೊಡಲಾರದು. ಸಿಲಿಕಾನ್‌ನಲ್ಲಿ ಸೂರ್ಯನ ಬೆಳಕಿನ ಬಹುಪಾಲಿಗೆ ಆ ಸಂವೇಗ ಸಿಗುವುದು ಹರಳಿನ ಕಂಪನದಿಂದ, ಅಂದರೆ ಫೋನಾನ್‌ನಿಂದ. ಬೆಳಕು, ಎಲೆಕ್ಟ್ರಾನ್, ಕಂಪನ ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ. ಅದಕ್ಕೇ ಸಿಲಿಕಾನ್ ಬಿಲ್ಲೆ ಸುಮಾರು 150 ಮೈಕ್ರಾನ್ ದಪ್ಪವಿರುತ್ತದೆ. ಕಂಪನದ ನೆರವು ಬೇಡದ ಗ್ಯಾಲಿಯಂ ಆರ್ಸೆನೈಡ್‌ಗೆ ಎರಡು ಮೂರು ಮೈಕ್ರಾನ್ ಸಾಕು.

ತಪ್ಪು ಕಲ್ಪನೆ 3: ಪ್ಯಾನೆಲ್ ಕಾದಷ್ಟೂ ಕರೆಂಟ್ ಹೆಚ್ಚು.

ಸತ್ಯ: ಹರಳು ಕಾದಾಗ ಕಂಪನ ಜೋರಾಗಿ, ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ ಕಿರಿದಾಗುತ್ತದೆ. ಕಡು ಶೈತ್ಯದಲ್ಲಿ ಸುಮಾರು 1.17 ಎಲೆಕ್ಟ್ರಾನ್ ವೋಲ್ಟ್ ಇರುವುದು ಕೋಣೆಯ ಉಷ್ಣತೆಯಲ್ಲಿ 1.12ಕ್ಕೆ ಇಳಿಯುತ್ತದೆ. ಆಗ ಹರಳು ಹೀರುವ ಬೆಳಕು ತುಸು ಹೆಚ್ಚುವುದು ನಿಜ, ಆದರೆ ವೋಲ್ಟೇಜ್ ಅದಕ್ಕಿಂತ ಹೆಚ್ಚು ಕುಸಿಯುತ್ತದೆ. 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಉತ್ಪಾದನೆ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದರೆ ನೂರರಲ್ಲಿ ಹತ್ತು ಪಾಲಿಗೂ ಹೆಚ್ಚು ನಷ್ಟ.

ಬೆಳಕು ಹೀರಲು ಕೈ ಕೊಡುವ ಕಂಪನವೇ ಮಿತಿ ಮೀರಿದರೆ ಇಳುವರಿ ಕದಿಯುತ್ತದೆ. ಪ್ಯಾನೆಲ್ ಹಾಕಿಸುವಾಗ ತಾರಸಿಗೆ ಅಂಟಿಸಿ ಕೂರಿಸಬೇಡಿ; ಕೆಳಗೆ ಗಾಳಿಯಾಡಲು ಜಾಗ ಬಿಡಿಸಿ.